ಮಜ್ಜೆಗೆ ಅಪ್ಪಣೆ ಕೊಡುವವರು

1975ರ ಕ್ರಿಸ್‌ಮಸ್ ಹೊತ್ತು. ಶಿಕಾಗೊ ನಗರದ ಪಾಮರ್ ಹೌಸ್ ಹೋಟೆಲಿನ ಮೊಗಸಾಲೆಯಲ್ಲಿ ಇಬ್ಬರು ವಿಜ್ಞಾನಿಗಳು ಮೊದಲ ಸಲ ಭೇಟಿಯಾದರು. ಒಬ್ಬರು ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದಿಂದ ಬಂದಿದ್ದ ತಕಾಜಿ ಮಿಯಾಕೆ. ಇನ್ನೊಬ್ಬರು ಶಿಕಾಗೊ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಯೂಜೀನ್ ಗೋಲ್ಡ್‌ವಾಸರ್. ಮಿಯಾಕೆ ಅವರ ಕೈಯಲ್ಲಿ ಒಂದು ಗಂಟಿತ್ತು. ಜಪಾನೀಯರು ಉಡುಗೊರೆ ಕಟ್ಟುವ ಹಾಗೆ ಬಣ್ಣದ ರೇಷ್ಮೆ ವಸ್ತ್ರದಲ್ಲಿ ಕಟ್ಟಿದ ಗಂಟು. ಅದರೊಳಗಿದ್ದದ್ದು 2,550 ಲೀಟರ್ ಮೂತ್ರವನ್ನು ಸೋಸಿ, ಇಂಗಿಸಿ, ಒಣಗಿಸಿದ ಮೇಲೆ ಉಳಿದ ಸರಕು.

ಆ ಮೂತ್ರ ಯಾರದ್ದೋ ಆರೋಗ್ಯವಂತರದ್ದಲ್ಲ. ಅಪ್ಲಾಸ್ಟಿಕ್ ಅನೀಮಿಯಾ ಎಂಬ ಕಾಯಿಲೆಯಿಂದ ಅಸ್ಥಿಮಜ್ಜೆ ಬತ್ತಿಹೋದ ರೋಗಿಗಳದ್ದು. ಅವರ ಮೂಳೆಗಳೊಳಗೆ ಕೆಂಪು ರಕ್ತಕಣ ಹುಟ್ಟುವುದು ನಿಂತಿತ್ತು. ಕೊರತೆಯನ್ನು ಗುರುತಿಸಿದ ದೇಹ ‘ಇನ್ನಷ್ಟು ಕಣ ಬೇಕು’ ಎಂಬ ಆದೇಶವನ್ನು ರಾಸಾಯನಿಕ ರೂಪದಲ್ಲಿ ಹೊರಡಿಸುತ್ತಲೇ ಇತ್ತು. ಪಾಲಿಸಬೇಕಾದ ಮಜ್ಜೆಗೆ ಶಕ್ತಿಯಿರಲಿಲ್ಲ. ಹೀಗೆ ವ್ಯರ್ಥವಾದ ಆದೇಶ ಮೂತ್ರದ ಜೊತೆ ಹರಿದುಹೋಗುತ್ತಿತ್ತು. ಮಿಯಾಕೆ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಕೂಡಿಹಾಕಿದ್ದು ಅದನ್ನೇ. ಗೋಲ್ಡ್‌ವಾಸರ್ ಅದೇ ವಸ್ತುವಿಗಾಗಿ ಇಪ್ಪತ್ತು ವರ್ಷಗಳಿಂದ ಹುಡುಕುತ್ತಿದ್ದರು.

ವಯಸ್ಕ ಮನುಷ್ಯನ ಮಜ್ಜೆ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ತಯಾರಿಸುತ್ತದೆ. ಸೋಂಕಿನ ವಿರುದ್ಧ ಮೊದಲು ಧಾವಿಸುವ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಇದಕ್ಕೆ ಹೊರತಾದವು. ಗಾಯವಾಗಿ ರಕ್ತ ಹೋದರೆ ಕೆಂಪು ಕಣಗಳ ತಯಾರಿ ಏರುತ್ತದೆ. ನ್ಯುಮೋನಿಯಾ ಬಂದರೆ ಬಿಳಿ ಕಣಗಳ ಸಂಖ್ಯೆ ಒಂದೆರಡು ದಿನಗಳಲ್ಲೇ ಹೆಚ್ಚುತ್ತದೆ. ಕಾಯಿಲೆ ಇಳಿದರೆ ಅದೂ ಇಳಿಯುತ್ತದೆ. ಇಷ್ಟು ನಾಜೂಕಾದ ಲೆಕ್ಕವನ್ನು ಇಡುವವರು ಯಾರು ಎಂಬ ಪ್ರಶ್ನೆ ವೈದ್ಯರನ್ನು ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೇ ಕಾಡಿತ್ತು. 1906ರಲ್ಲಿ ಪ್ಯಾರಿಸ್ಸಿನ ಪಾಲ್ ಕಾರ್ನೊ ಮತ್ತು ಕ್ಲೊತಿಲ್ಡ್ ದೆಫ್ಲಾಂದ್ರ್ ಎಂಬ ಇಬ್ಬರು, ರಕ್ತ ತೆಗೆದ ಮೊಲದ ಸೀರಮ್ಮನ್ನು ಇನ್ನೊಂದು ಮೊಲಕ್ಕೆ ಚುಚ್ಚಿ, ಅದರ ಕೆಂಪು ಕಣಗಳು ಹೆಚ್ಚಿದವು ಎಂದು ವರದಿ ಮಾಡಿದರು. ಅದೇ ಪ್ರಯೋಗ ಮಾಡಲು ಹೋದ ಅನೇಕರಿಗೆ ಅದೇ ಫಲ ಸಿಗಲಿಲ್ಲ. ಸುಮಾರು ನಾಲ್ಕು ದಶಕ ಆ ವಿಚಾರ ಅನುಮಾನದ ಮೂಲೆಯಲ್ಲೇ ಕುಳಿತಿತ್ತು.

1950ರಲ್ಲಿ ಕುರ್ಟ್ ರೈಸ್‌ಮನ್ ಅದನ್ನು ಮೂಲೆಯಿಂದ ಎಬ್ಬಿಸಿದರು. ಎರಡು ಇಲಿಗಳ ರಕ್ತ ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಅವುಗಳ ಮೈಯನ್ನು ಹೊಲಿದು ಜೋಡಿಸಿ, ಒಂದಕ್ಕೆ ಮಾತ್ರ ಆಮ್ಲಜನಕ ಕಡಿಮೆಯಿರುವ ಗಾಳಿ ಉಸಿರಾಡಲು ಕೊಟ್ಟರು. ಎರಡರ ಮಜ್ಜೆಯೂ ಚುರುಕಾಯಿತು. ಒಳ್ಳೆಯ ಗಾಳಿ ಕುಡಿಯುತ್ತಿದ್ದ ಇಲಿಯ ಮಜ್ಜೆಗೂ ಸುದ್ದಿ ಮುಟ್ಟಿತ್ತು ಎಂದರೆ ಆ ಸುದ್ದಿ ರಕ್ತದಲ್ಲೇ ಹೋಗಿರಬೇಕು. ಎರಿತ್ರೊಪೊಯೆಟಿನ್ ಎಂಬ ಹೆಸರು ಅಷ್ಟರಲ್ಲಿ ಚಾಲ್ತಿಗೆ ಬಂದಿತ್ತು. ವಸ್ತು ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ.

ಗೋಲ್ಡ್‌ವಾಸರ್ ಅವರನ್ನು ಈ ಕೆಲಸಕ್ಕೆ ಹಚ್ಚಿದವರು ಲಿಯಾನ್ ಜೇಕಬ್ಸನ್. ಅಣುಬಾಂಬ್ ತಯಾರಿಯ ಕಾಲದಲ್ಲಿ ಶಿಕಾಗೊದ ವಿಜ್ಞಾನಿಗಳ ಆರೋಗ್ಯ ನೋಡಿಕೊಳ್ಳುತ್ತಿದ್ದ ವೈದ್ಯ. ವಿಕಿರಣ ಮೊದಲು ಹೊಡೆಯುವುದು ಮಜ್ಜೆಯನ್ನು ಎಂಬುದನ್ನು ಹತ್ತಿರದಿಂದ ಕಂಡವರು. ಈ ಇಡೀ ಕಥೆಯ ಬೇರು ಅಲ್ಲಿದೆ ಎಂದು ನನ್ನ ಎಣಿಕೆ: ಹಿರೋಷಿಮಾ ಆಗದಿದ್ದರೆ ಮಜ್ಜೆಯ ಮೇಲೆ ಅಷ್ಟು ಹಣ, ಅಷ್ಟು ಕಳವಳ, ಅಷ್ಟು ಬುದ್ಧಿ ಹರಿಯುತ್ತಿರಲಿಲ್ಲ. 1955ರಲ್ಲಿ ಒಪ್ಪಿಕೊಂಡಾಗ ಗೋಲ್ಡ್‌ವಾಸರ್ ಇದನ್ನು ಕೆಲವು ತಿಂಗಳ ಕೆಲಸ ಎಂದುಕೊಂಡಿದ್ದರು. 1957ರಲ್ಲಿ ಅವರ ತಂಡ ಇಲಿಗಳ ಒಂದೊಂದೇ ಅಂಗ ತೆಗೆದು ನೋಡಿ, ಮೂತ್ರಪಿಂಡವೇ ಈ ಹಾರ್ಮೋನಿನ ಮೂಲ ಎಂದು ತೋರಿಸಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಯಾಕೆ ಬಿಳಿಚಿಕೊಂಡಿರುತ್ತಾರೆ ಎಂಬುದಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಮುಂದಿನ ಹೆಚ್ಚುಕಡಿಮೆ ಹದಿನೈದು ವರ್ಷ ಕುರಿಗಳ ಪಾಲಾಯಿತು. ಔಷಧಿ ಕೊಟ್ಟು ರಕ್ತಹೀನತೆ ಬರಿಸಿದ ಕುರಿಗಳ ಪ್ಲಾಸ್ಮಾದಿಂದ 1971ರಲ್ಲಿ ಶುದ್ಧ ಹಾರ್ಮೋನನ್ನು ಹಿಡಿದರು. ಆದರೆ ಅದು ಕುರಿಯದ್ದು. ಸಿಕ್ಕಿದ್ದೂ ಚೂರು ಮಾತ್ರ.

ಮಿಯಾಕೆ ತಂದ ಗಂಟಿನಿಂದ ಒಂದೂವರೆ ವರ್ಷ ದುಡಿದು ಮಿಯಾಕೆ, ಚಾರ್ಲ್ಸ್ ಕುಂಗ್ ಮತ್ತು ಗೋಲ್ಡ್‌ವಾಸರ್ ಪಡೆದದ್ದು ಕೆಲವೇ ಮಿಲಿಗ್ರಾಂ. ಪ್ರಬಂಧ ಬಂದದ್ದು 1977ರಲ್ಲಿ. ಮನುಷ್ಯನ ಎರಿತ್ರೊಪೊಯೆಟಿನ್ ಮೊದಲ ಸಲ ಶುದ್ಧ ರೂಪದಲ್ಲಿ ಕೈಗೆ ಬಂದಿತ್ತು. ಆ ಕೆಲವು ಮಿಲಿಗ್ರಾಂ ಇಟ್ಟುಕೊಂಡು ಪ್ರೋಟೀನಿನ ತುಣುಕುಗಳ ಅಮೈನೊ ಆಮ್ಲದ ಸರಣಿ ಓದಿದ ಕಾರಣಕ್ಕೇ ಕ್ಯಾಲಿಫೋರ್ನಿಯಾದ ಆಮ್‌ಜೆನ್ ಕಂಪನಿಯಲ್ಲಿ ತೈವಾನ್ ಮೂಲದ ಫು-ಕುಯೆನ್ ಲಿನ್ 1983ರಲ್ಲಿ ಅದರ ಜೀನನ್ನು ಪತ್ತೆ ಹಚ್ಚಲು ಸಾಧ್ಯವಾಯಿತು. ಗೋಲ್ಡ್‌ವಾಸರ್ ತಮ್ಮ ಶುದ್ಧೀಕರಣಕ್ಕೆ ಪೇಟೆಂಟ್ ಪಡೆಯಲಿಲ್ಲ. ಮುಂದೆ ಆ ಔಷಧಿ ಜಗತ್ತಿನಲ್ಲೇ ಅತಿ ಹೆಚ್ಚು ವ್ಯಾಪಾರವಾಗುವ ಔಷಧಿಗಳಲ್ಲಿ ಒಂದಾಯಿತು. 1987ರಲ್ಲಿ ಸಿಯಾಟಲ್‌ನ ಜೋಸೆಫ್ ಎಷ್ಬಾಖ್ ಮತ್ತು ಜಾನ್ ಆಡಮ್‌ಸನ್ ಡಯಾಲಿಸಿಸ್‌ನಲ್ಲಿದ್ದ 25 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುತ್ತಿದ್ದವರಿಗೆ ಆ ಅಗತ್ಯವೇ ತಪ್ಪಿತ್ತು.

ಕೆಂಪು ಕಣದ ಕಥೆ ಒಂದು ಅರ್ಥದಲ್ಲಿ ಸರಳ. ಒಂದು ಅಂಗ, ಒಂದು ಹಾರ್ಮೋನು, ಒಂದು ಬಗೆಯ ಕಣ. ಬಿಳಿ ಕಣಗಳ ಕಥೆ ಹಾಗಿರಲಿಲ್ಲ. ಅಲ್ಲಿ ದಾರಿ ತೋರಿಸಿದ್ದು ಗಾಜಿನ ತಟ್ಟೆ.

ಅದಕ್ಕೂ ಮೊದಲು ಟೊರಾಂಟೊದಲ್ಲಿ ಒಂದು ಮಹತ್ವದ ಸಂಗತಿ ನಡೆದಿತ್ತು. 1961ರಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಾಕ್, ವಿಕಿರಣದಿಂದ ಮಜ್ಜೆ ಕಳೆದುಕೊಂಡ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆ ಕೊಟ್ಟು, ಹತ್ತು ದಿನದ ಮೇಲೆ ಗುಲ್ಮ ತೆಗೆದು ನೋಡಿದರು. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗಂಟುಗಳೆದ್ದಿದ್ದವು. ಎಷ್ಟು ಕೋಶ ಕೊಟ್ಟರೆ ಎಷ್ಟು ಗಂಟು ಎಂಬ ಲೆಕ್ಕ ನೇರ ಗೆರೆಯಲ್ಲಿ ಕೂತಿತು. ಸುಮಾರು 10,000 ಮಜ್ಜೆಕೋಶಕ್ಕೆ ಒಂದು ಗಂಟು. ಒಂದೊಂದು ಗಂಟೂ ಒಂದೇ ಒಂದು ಮೂಲಕೋಶದ ಸಂತಾನ ಎಂದು ಎರಡು ವರ್ಷದ ನಂತರ ಖಚಿತವಾಯಿತು. ಈ ಮೂಲಕೋಶ, ಅಂದರೆ ಕಾಂಡಕೋಶ, ಊಹೆಯ ಮಟ್ಟದಿಂದ ಎಣಿಸಬಹುದಾದ ವಸ್ತುವಿನ ಮಟ್ಟಕ್ಕೆ ಬಂತು. ಆದರೆ ಇಲಿಯ ಮೈಯೊಳಗೆ ಆ ಕೋಶಕ್ಕೆ ಬೆಳೆಯಲು ಹೇಳಿದ್ದು ಯಾರು ಎಂಬುದು ಗೊತ್ತಾಗುವಂತಿರಲಿಲ್ಲ. ಅದಕ್ಕೆ ಕೋಶವನ್ನು ಮೈಯಿಂದ ಹೊರತಂದು ಬೆಳೆಸಬೇಕಿತ್ತು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೇ ಬ್ರಾಡ್ಲಿ ಎಂಬ ವಿಜ್ಞಾನಿ 1960ರ ದಶಕದ ನಡುವೆ ರಕ್ತಕ್ಯಾನ್ಸರ್ ಕೋಶಗಳನ್ನು ಅಗರ್ ಎಂಬ ಲೋಳೆಯಲ್ಲಿ ಬೆಳೆಸಲು ಯತ್ನಿಸುತ್ತಿದ್ದರು. ಬಯಸಿದ್ದು ಬೆಳೆಯಲಿಲ್ಲ. ಬೆಳೆದದ್ದು ಸಾಮಾನ್ಯ ಮಜ್ಜೆಯ ಕೋಶಗಳು. ಅದನ್ನು ಅವರು ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿದ್ದ ಡೊನಾಲ್ಡ್ ಮೆಟ್‌ಕಾಫ್ ಅವರ ಗಮನಕ್ಕೆ ತಂದರು. ಇಬ್ಬರೂ ಸೇರಿ ಬರೆದ ಪ್ರಬಂಧ 1966ರಲ್ಲಿ ಆಸ್ಟ್ರೇಲಿಯಾದ್ದೇ ಒಂದು ಪತ್ರಿಕೆಯಲ್ಲಿ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಇವರ ಸುಳಿವೇ ಇಲ್ಲದೆ, ಇಸ್ರೇಲಿನ ರೆಹೊವೊತ್‌ನಲ್ಲಿ ಡೊವ್ ಪ್ಲುಜ್ನಿಕ್ ಮತ್ತು ಲಿಯೊ ಸ್ಯಾಕ್ಸ್ ಕೂಡ ಇದನ್ನೇ ಸಾಧಿಸಿದ್ದರು. 1965ರ ಅವರ ಮೊದಲ ಪ್ರಬಂಧ ತಟ್ಟೆಯಲ್ಲಿ ಬೆಳೆದ ಕೋಶಗಳನ್ನು ಮಾಸ್ಟ್ ಕೋಶಗಳೆಂದು ಗುರುತಿಸಿತ್ತು. ಮುಂದಿನ ವರ್ಷವೇ ಅವು ಮ್ಯಾಕ್ರೊಫೇಜ್ ಎಂಬ ಬಿಳಿ ಕಣಗಳು ಮತ್ತು ನ್ಯೂಟ್ರೊಫಿಲ್ ಸೇರಿದ ಗ್ರಾನ್ಯುಲೊಸೈಟ್ ಗುಂಪಿನ ಕಣಗಳೆಂದು ಸ್ಪಷ್ಟವಾಯಿತು.

ಆ ತಟ್ಟೆ ಹೇಗಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಮುಂದಿನದ್ದೆಲ್ಲ ಅದರಿಂದಲೇ ಹುಟ್ಟಿತು. ಮೂರೂವರೆ ಸೆಂಟಿಮೀಟರ್ ಅಗಲದ ಪೆಟ್ರಿ ತಟ್ಟೆ. ತಳದಲ್ಲಿ ಸ್ವಲ್ಪ ಗಟ್ಟಿಯಾದ ಅಗರ್ ಪದರ. ಅದರಲ್ಲಿ ಮೂತ್ರಪಿಂಡದಂಥ ಅಂಗಾಂಶದ ಜೀವಂತ ಕೋಶಗಳು. ಅದರ ಮೇಲೆ ಇನ್ನೂ ಮೃದುವಾದ ಅಗರ್ ಪದರ. ಅದರಲ್ಲಿ ಒಂದಕ್ಕೊಂದು ತಾಗದಂತೆ ಚದುರಿದ ಮಜ್ಜೆಯ ಕೋಶಗಳು. ಹೀಗೆ ಜೋಡಿಸಿ, ಮೈಯ ಶಾಖದಲ್ಲಿ ಒಂದು ವಾರ, ಹತ್ತು ದಿನ ಇಟ್ಟರೆ ಮೇಲಿನ ಪದರದಲ್ಲಿ ಚುಕ್ಕೆಗಳು ಮೂಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಚುಕ್ಕೆಯೂ ನೂರಾರು, ಕೆಲವೊಮ್ಮೆ ಸಾವಿರಾರು ಕೋಶಗಳ ಗುಂಪು. ಅಗರ್ ಕೋಶಗಳನ್ನು ಅಲುಗಾಡಲು ಬಿಡುವುದಿಲ್ಲ. ಹಾಗಾಗಿ ಒಂದು ಗುಂಪಿನ ಎಲ್ಲವೂ ಒಂದೇ ತಾಯಿಕೋಶದ ಮಕ್ಕಳು. ಕಾಲೋನಿ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಕೆಳಪದರದಲ್ಲಿ ಆ ಅಂಗಾಂಶ ಇಲ್ಲದಿದ್ದರೆ ಒಂದು ಕಾಲೋನಿಯೂ ಹುಟ್ಟುತ್ತಿರಲಿಲ್ಲ. ಎರಡು ಪದರಗಳ ಕೋಶಗಳು ಪರಸ್ಪರ ಮುಟ್ಟುತ್ತಲೂ ಇರಲಿಲ್ಲ. ಅಂದರೆ ಕೆಳಗಿನಿಂದ ಏನೋ ಒಂದು ಪದಾರ್ಥ ಅಗರ್ ಮೂಲಕ ಜಿನುಗಿ ಮೇಲೇರಿ, ಮಜ್ಜೆಯ ಕೋಶಕ್ಕೆ ‘ಬೆಳೆ’ ಎಂದು ಹೇಳುತ್ತಿತ್ತು. ಆ ಅನಾಮಿಕ ಪದಾರ್ಥಕ್ಕೆ ಕಾಲೋನಿ ಪ್ರಚೋದಕ ಅಂಶ ಎಂದು ಹೆಸರಾಯಿತು. ಆಸ್ಪತ್ರೆಯವರ ಬಾಯಲ್ಲಿ ಸಿಎಸ್‌ಎಫ್.

ಮೆಟ್‌ಕಾಫ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 1929ರಲ್ಲಿ ಹುಟ್ಟಿದ ಅವರು 1954ರಲ್ಲಿ ವಿಕ್ಟೋರಿಯಾದ ಕ್ಯಾನ್ಸರ್ ಸಂಸ್ಥೆಯೊಂದು ಕೊಡುತ್ತಿದ್ದ ಕಾರ್ಡನ್ ಫೆಲೋಶಿಪ್ ಹಿಡಿದು ಹಾಲ್ ಸಂಸ್ಥೆಗೆ ಸೇರಿದರು. ನಿರ್ದೇಶಕರಾಗಿದ್ದವರು ಮುಂದೆ ನೊಬೆಲ್ ಪಡೆದ ಮೆಕ್‌ಫಾರ್ಲೇನ್ ಬರ್ನೆಟ್. ಬರ್ನೆಟ್ ಅವರಿಗೆ ಕ್ಯಾನ್ಸರ್ ಸಂಶೋಧನೆಯಲ್ಲಿ ಭರವಸೆಯಿರಲಿಲ್ಲ; ಹೊಸಬನಿಗೆ ಪ್ರಯೋಗದ ಪ್ರಾಣಿಗಳನ್ನು ಸಾಕುವ ಮನೆಯಲ್ಲಿ ಜಾಗ ಕೊಟ್ಟರು. ಅಲ್ಲಿ ಶುರುವಾದ ಕೆಲಸವನ್ನು ಮೆಟ್‌ಕಾಫ್ ಅದೇ ಫೆಲೋಶಿಪ್ಪಿನಲ್ಲಿ 2014ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವ ವರ್ಷದವರೆಗೂ ಬಿಡಲಿಲ್ಲ. ದೊಡ್ಡ ತಂಡದ ಯಜಮಾನರಾದ ಮೇಲೂ ಕಾಲೋನಿಗಳನ್ನು ತಾವೇ ಸೂಕ್ಷ್ಮದರ್ಶಕದ ಮುಂದೆ ಕೂತು ಎಣಿಸುತ್ತಿದ್ದರು. ಜೀನ್ ತುಂಡರಿಸಿ ಜೋಡಿಸುವ ತಂತ್ರಕ್ಕೆ ಸಿಕ್ಕ ಕೀರ್ತಿಯ ಅರ್ಧದಷ್ಟೂ ಈ ಎಣಿಕೆಗೆ ಸಿಕ್ಕಿಲ್ಲ. ಅದು ಅನ್ಯಾಯ. ಯಾವ ಪ್ರೋಟೀನನ್ನು ಹುಡುಕಬೇಕು, ಯಾವ ಬಾಟಲಿಯಲ್ಲಿ ಅದಿದೆ, ಎಷ್ಟು ಶುದ್ಧವಾಯಿತು ಎಂಬ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟದ್ದು ತಟ್ಟೆಯಲ್ಲಿ ಎಷ್ಟು ಕಾಲೋನಿ ಎದ್ದವು ಎಂಬ ಲೆಕ್ಕವೊಂದೇ.

ಇಲಿಯಲ್ಲಿ ಕಂಡದ್ದು ಮನುಷ್ಯನಿಗೂ ಸಲ್ಲುತ್ತದೆಯೇ? 1970ರಲ್ಲಿ ಅದೇ ಸಂಸ್ಥೆಯ ಬೆವರ್ಲಿ ಪೈಕ್ ಮತ್ತು ವಿಲಿಯಂ ರಾಬಿನ್‌ಸನ್ ಮನುಷ್ಯನ ಅಸ್ಥಿಮಜ್ಜೆಯ ಕೋಶಗಳನ್ನು ಅಗರ್‌ನಲ್ಲಿ ಬೆಳೆಸಿ ತೋರಿಸಿದರು. ಕೆಳಪದರಕ್ಕೆ ಅವರು ಬಳಸಿದ್ದು ಮನುಷ್ಯ ರಕ್ತದ ಬಿಳಿ ಕಣಗಳನ್ನೇ. ಮನುಷ್ಯನ ಕಾಲೋನಿ ಇಲಿಯದ್ದಕ್ಕಿಂತ ನಿಧಾನ, ಗಾತ್ರವೂ ಚಿಕ್ಕದು. ಆದರೆ ನಿಯಮ ಒಂದೇ. ಅಲ್ಲಿಂದ ಮುಂದೆ ಲುಕೇಮಿಯಾ ರೋಗಿಗಳ ಮಜ್ಜೆ ತಟ್ಟೆಗೆ ಬರತೊಡಗಿತು. ಕೆಟ್ಟ ಕೋಶಗಳೂ ಬಹುಪಾಲು ಈ ಅಂಶವಿಲ್ಲದೆ ತಟ್ಟೆಯಲ್ಲಿ ಬೆಳೆಯಲಾರವು ಎಂಬುದು ಆಗ ಗೊತ್ತಾಯಿತು. ಔಷಧಿಯಾಗಿ ಕೊಟ್ಟರೆ ರೋಗವೇ ಕೆರಳೀತೇನೋ ಎಂಬ ಹೆದರಿಕೆ ಅಂದಿನಿಂದ ಬಹುಕಾಲ ವೈದ್ಯರ ಬೆನ್ನಿಗಿತ್ತು.

ಇಷ್ಟಾದರೂ ಇದೆಲ್ಲ ಗಾಜಿನ ತಟ್ಟೆಯ ಮಾಯೆ, ಮೈಯೊಳಗೆ ಹೀಗೆ ನಡೆಯುವುದಿಲ್ಲ ಎನ್ನುವವರೇ ಹೆಚ್ಚಿದ್ದರು. ಅವರ ಬಾಯಿ ಮುಚ್ಚಿಸಲು ಒಂದೇ ದಾರಿ, ಪದಾರ್ಥವನ್ನು ಶುದ್ಧವಾಗಿ ಹಿಡಿದು ಕೊಡುವುದು. ಅದು ಊಹಿಸಿದ್ದಕ್ಕಿಂತ ಎಷ್ಟೋ ಕಠಿಣವಾಯಿತು. ಒಂದೇ ಅಂಶ ಎಂದುಕೊಂಡದ್ದು ನಾಲ್ಕಾಗಿ ಹೊರಬಿತ್ತು. ಮ್ಯಾಕ್ರೊಫೇಜ್‌ಗಳನ್ನು ಬೆಳೆಸುವ ಎಂ-ಸಿಎಸ್‌ಎಫ್ ಅನ್ನು ರಿಚರ್ಡ್ ಸ್ಟ್ಯಾನ್ಲಿ ಮನುಷ್ಯನ ಮೂತ್ರದಿಂದಲೂ ಇಲಿಯ ಕೋಶಗಳಿಂದಲೂ ಬೇರ್ಪಡಿಸಿದರು. ಮ್ಯಾಕ್ರೊಫೇಜ್, ಗ್ರಾನ್ಯುಲೊಸೈಟ್ ಎರಡೂ ಬಗೆಯ ಕೋಶಗಳನ್ನು ಬೆಳೆಸುವ ಜಿಎಂ-ಸಿಎಸ್‌ಎಫ್ ಅನ್ನು ಇಲಿಯ ಶ್ವಾಸಕೋಶಗಳನ್ನು ನೆನೆಸಿಟ್ಟ ದ್ರವದಿಂದ 1977ರಲ್ಲಿ ಆಂಟನಿ ಬರ್ಗೆಸ್ ಹಿಡಿದರು. ನ್ಯೂಟ್ರೊಫಿಲ್‌ಗಳನ್ನು ಬೆಳೆಸುವ ಜಿ-ಸಿಎಸ್‌ಎಫ್ 1983ರಲ್ಲಿ ನಿಕ್ ನಿಕೋಲಾ ಅವರ ಕೈಗೆ ಸಿಕ್ಕಿತು. ನಾಲ್ಕನೆಯದು ಇಂಟರ್‌ಲ್ಯೂಕಿನ್-3, ಹತ್ತಾರು ಬಗೆಯ ಕೋಶಗಳಿಗೆ ಸಲ್ಲುವಂಥದ್ದು.

ಮನುಷ್ಯನ ಜಿ-ಸಿಎಸ್‌ಎಫ್ ಸಿಕ್ಕ ಜಾಗ ಕೇಳಿದರೆ ಮೈ ಜುಮ್ಮೆನ್ನುತ್ತದೆ. ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯಲ್ಲಿ ಕಾರ್ಲ್ ವೆಲ್ಟೆ ಮತ್ತು ಸಂಗಡಿಗರು ಅದನ್ನು 1985ರಲ್ಲಿ ಶುದ್ಧಗೊಳಿಸಿದ್ದು ಮೂತ್ರಕೋಶದ ಕ್ಯಾನ್ಸರಿನಿಂದ ಬೆಳೆಸಿದ ಕೋಶಗಳಿಂದ. ಜಪಾನಿನಲ್ಲಿ ಅದೇ ಪ್ರೋಟೀನನ್ನು ಬೇರ್ಪಡಿಸಿದ್ದು ಬಾಯಿಯ ಕ್ಯಾನ್ಸರಿನ ಕೋಶಗಳಿಂದ. ಗೆಡ್ಡೆಯೇ ಹೀಗೆ ಮಜ್ಜೆಗೆ ಆದೇಶ ಹೊರಡಿಸುತ್ತಿತ್ತು. 1986ರಲ್ಲಿ ಟೋಕಿಯೊದ ಶಿಗೆಕಜು ನಗಾತಾ ಮತ್ತು ಆಮ್‌ಜೆನ್‌ನ ಲಾರೆನ್ಸ್ ಸೌಜಾ, ಇಬ್ಬರ ತಂಡಗಳೂ ಕೆಲವು ತಿಂಗಳ ಅಂತರದಲ್ಲಿ ಅದರ ಜೀನನ್ನು ಪ್ರಕಟಿಸಿದವು. ಬ್ಯಾಕ್ಟೀರಿಯಾಗಳಿಂದ ಬೇಕಾದಷ್ಟು ತಯಾರಿಸುವ ದಾರಿ ತೆರೆಯಿತು. ಇಲಿಗಳ ಶ್ವಾಸಕೋಶ ಹಿಂಡುವ ಕಾಲ ಮುಗಿಯಿತು.

ಆದೇಶ ಸಿಕ್ಕಿತು. ಅದನ್ನು ಕೇಳಿಸಿಕೊಳ್ಳುವ ಕಿವಿ ಕೋಶದ ಮೇಲೆಲ್ಲಿದೆ? ಅದೇ ಗ್ರಾಹಿ, ಪ್ರಯೋಗಾಲಯದ ಮಾತಿನಲ್ಲಿ ರಿಸೆಪ್ಟರ್.

ನಿಕೋಲಾ ಮತ್ತು ಮೆಟ್‌ಕಾಫ್ ಶುದ್ಧ ಜಿ-ಸಿಎಸ್‌ಎಫ್‌ಗೆ ವಿಕಿರಣಶೀಲ ಅಯೋಡಿನ್ ಅಂಟಿಸಿ ಮಜ್ಜೆಯ ಕೋಶಗಳ ಜೊತೆ ಬೆರೆಸಿದರು. ಅಂಟಿಕೊಳ್ಳದೆ ಉಳಿದದ್ದನ್ನು ತೊಳೆದು, ಕೋಶಗಳನ್ನು ಗಾಜಿನ ಮೇಲೆ ಹರಡಿ, ಫೋಟೊ ರಾಸಾಯನಿಕ ಬಳಿದು ಕತ್ತಲಲ್ಲಿ ಇಟ್ಟರು. ವಿಕಿರಣ ತಾಗಿದ ಕಡೆಯೆಲ್ಲ ಬೆಳ್ಳಿಯ ಕಪ್ಪು ಕಣ ಮೂಡುತ್ತದೆ. ಯಾವ ಕೋಶದ ಮೇಲೆ ಎಷ್ಟು ಕಣ ಎಂದು ಮತ್ತೆ ಎಣಿಕೆ. ಕೆಂಪು ಕಣಗಳ ಪೀಳಿಗೆಯ ಮೇಲೆ ಏನೂ ಇರಲಿಲ್ಲ. ನ್ಯೂಟ್ರೊಫಿಲ್ ಪೀಳಿಗೆಯ ಎಳೆಯ ಕೋಶದಿಂದ ಬಲಿತ ಕೋಶದವರೆಗೆ ಎಲ್ಲದರ ಮೇಲೂ ಕಣಗಳು. ಒಂದೊಂದು ಕೋಶದ ಮೇಲಿದ್ದ ಗ್ರಾಹಿಗಳು ಕೆಲವು ನೂರು ಮಾತ್ರ. ಇನ್ಸುಲಿನ್ ಗ್ರಾಹಿಗಳು ಯಕೃತ್ತಿನ ಕೋಶವೊಂದರ ಮೇಲೆ ಲಕ್ಷದ ಲೆಕ್ಕದಲ್ಲಿ ಇರುತ್ತವೆ ಎಂದು ಗೊತ್ತಿದ್ದವರಿಗೆ ಈ ಸಂಖ್ಯೆ ತೀರಾ ಬಡವಾಗಿ ಕಂಡಿತು. ಅಷ್ಟರಲ್ಲೂ ಎಲ್ಲವೂ ತುಂಬಬೇಕಿರಲಿಲ್ಲ. ಸಣ್ಣದೊಂದು ಪಾಲು ತುಂಬಿದರೇ ಕೋಶ ವಿಭಜನೆಗೆ ತೊಡಗುತ್ತಿತ್ತು. ಇಂಥ ವಿರಳ ಅಣುವನ್ನು ಶುದ್ಧಗೊಳಿಸುವುದು ಆಗದ ಮಾತು. ಹಾಗಾಗಿ ವಿಜ್ಞಾನಿಗಳು ನೇರವಾಗಿ ಜೀನಿಗೆ ಕೈ ಹಾಕಿದರು. ಸಾವಿರಾರು ಜೀನ್ ತುಣುಕುಗಳನ್ನು ಬೇರೆ ಕೋಶಗಳೊಳಗೆ ತೂರಿಸಿ, ಯಾವ ಕೋಶ ಹೊಸದಾಗಿ ಆ ಅಂಶವನ್ನು ಹಿಡಿಯಬಲ್ಲದಾಯಿತು ಎಂದು ನೋಡುವ ಉಪಾಯ. 1989ರಲ್ಲಿ ಎರಿತ್ರೊಪೊಯೆಟಿನ್ ಗ್ರಾಹಿ ಅಮೆರಿಕದ ಅಲನ್ ಡಿ’ಆಂಡ್ರಿಯಾ ಮತ್ತು ಹಾರ್ವಿ ಲೋಡಿಷ್ ಅವರಿಗೆ ಸಿಕ್ಕಿತು. ಅದೇ ವರ್ಷ ಮೆಲ್ಬರ್ನ್‌ನಲ್ಲಿ ಜಿಎಂ-ಸಿಎಸ್‌ಎಫ್ ಗ್ರಾಹಿಯ ಒಂದು ಭಾಗ, ಮರುವರ್ಷ ನಗಾತಾ ತಂಡಕ್ಕೆ ಜಿ-ಸಿಎಸ್‌ಎಫ್ ಗ್ರಾಹಿ.

ಎಲ್ಲವನ್ನೂ ಪಕ್ಕಪಕ್ಕ ಇಟ್ಟಾಗ ಒಂದೇ ಮನೆತನದ ಮುಖಲಕ್ಷಣ ಎದ್ದು ಕಂಡಿತು. ಕೋಶದ ಹೊರಗೆ ಚಾಚಿದ ಭಾಗದಲ್ಲಿ ನಿಗದಿತ ಜಾಗದಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲ ನಾಲ್ಕು. ಪೊರೆಯ ಸಮೀಪ ಟ್ರಿಪ್ಟೊಫ್ಯಾನ್-ಸೆರಿನ್ ಎರಡು ಸಲ ಬರುವ ಐದು ಅಮೈನೊ ಆಮ್ಲಗಳ ಗುರುತು. ಬೆಳವಣಿಗೆಯ ಹಾರ್ಮೋನಿನ ಗ್ರಾಹಿಯೂ ಇದೇ ಕುಲದ್ದು. ಜಿಎಂ-ಸಿಎಸ್‌ಎಫ್, ಇಂಟರ್‌ಲ್ಯೂಕಿನ್-3 ಮತ್ತು ಇಂಟರ್‌ಲ್ಯೂಕಿನ್-5 ಮೂರಕ್ಕೂ ಸ್ವಂತದ್ದಾಗಿ ಒಂದೊಂದು ಸರಪಣಿ, ಹಂಚಿಕೊಂಡದ್ದು ಇನ್ನೊಂದು. ಮೂರರ ಕೆಲಸ ಯಾಕೆ ಅಷ್ಟು ಹೋಲುತ್ತಿತ್ತು ಎಂಬ ಹಳೆಯ ಗೊಂದಲ ಆಗ ಬಗೆಹರಿಯಿತು. ಎಂ-ಸಿಎಸ್‌ಎಫ್ ಗ್ರಾಹಿಯ ಜಾತಿ ಬೇರೆ. ಕೋಶದೊಳಗೆ ಸಂದೇಶ ಮುಂದೂಡುವ ಕೈನೇಸ್ ಎಂಬ ಕಿಣ್ವ ಅದರ ಬಾಲದಲ್ಲೇ ಇದೆ. ಉಳಿದವಕ್ಕೆ ಅಂಥ ಕಿಣ್ವ ಇಲ್ಲ. ಅವು ಕೆಲಸ ಮಾಡಿಸಿಕೊಳ್ಳುವುದು ಜಾಕ್ ಎಂಬ ಹೆಸರಿನ ಬೇರೊಂದು ಕಿಣ್ವದಿಂದ ಎಂದು 1993ರಲ್ಲಿ ಮೆಂಫಿಸ್‌ನ ಜೇಮ್ಸ್ ಐಲಿ ತಂಡ ತೋರಿಸಿತು. ಎರಿತ್ರೊಪೊಯೆಟಿನ್ ಬಂದು ಎರಡು ಗ್ರಾಹಿಗಳನ್ನು ಜೋಡಿಸಿ ಹಿಡಿದಾಗ, ಅವುಗಳ ಬಾಲಕ್ಕೆ ಅಂಟಿಕೊಂಡ ಎರಡು ಜಾಕ್-2 ಅಣುಗಳು ಒಂದನ್ನೊಂದು ಎಚ್ಚರಿಸುತ್ತವೆ.

ಗ್ರಾಹಿಯ ಬಾಲದಲ್ಲಿ ಕೆಲಸ ನಿಲ್ಲಿಸುವ ಗುಂಡಿಯೂ ಇದೆ ಎಂಬುದನ್ನು ಲೋಕಕ್ಕೆ ಕಾಣಿಸಿದ್ದು ಫಿನ್‌ಲೆಂಡಿನ ಒಂದು ಕುಟುಂಬ. ಈರೊ ಮ್ಯಾಂಟಿರಾಂಟಾ ಹಿಮದ ಮೇಲಿನ ಸ್ಕೀ ಓಟದಲ್ಲಿ ಏಳು ಒಲಿಂಪಿಕ್ ಪದಕ ಗೆದ್ದವರು. 1964ರ ಇನ್ಸ್‌ಬ್ರುಕ್ ಕೂಟದಲ್ಲಿ ಎರಡು ಚಿನ್ನ. ಅವರ ಹಿಮೋಗ್ಲೋಬಿನ್ ಪ್ರಮಾಣ ಅಸಾಮಾನ್ಯವಾಗಿ ಹೆಚ್ಚಿತ್ತು, ಸಂಶಯದ ಮಾತುಗಳು ಬೆನ್ನು ಬಿಡಲಿಲ್ಲ. 1993ರಲ್ಲಿ ಆಲ್ಬರ್ಟ್ ದೆ ಲಾ ಶಪೆಲ್ ಮತ್ತು ಸಂಗಡಿಗರು ಅವರ ಬಂಧುಬಳಗವನ್ನೆಲ್ಲ ಪರೀಕ್ಷಿಸಿ ಕಾರಣ ಕಂಡುಕೊಂಡರು. ಆ ಮನೆತನದ ಹಲವರಲ್ಲಿ ಎರಿತ್ರೊಪೊಯೆಟಿನ್ ಗ್ರಾಹಿಯ ಬಾಲ ತುದಿಯಲ್ಲಿ ಮೊಟಕಾಗಿತ್ತು. ನಿಲ್ಲಿಸುವ ಗುಂಡಿ ಇದ್ದದ್ದೇ ಆ ತುದಿಯಲ್ಲಿ. ಹಾರ್ಮೋನು ಎಲ್ಲರಲ್ಲಿರುವಷ್ಟೇ, ಅದನ್ನು ಕೇಳಿಸಿಕೊಂಡ ಕೋಶ ಮಾತ್ರ ಬೇಗ ಸುಮ್ಮನಾಗುತ್ತಿರಲಿಲ್ಲ. ಆ ಮನೆತನದವರು ಕಾಯಿಲೆಬೀಳದೆ ಬಾಳಿದರು. ಎಲ್ಲ ಮೊಟಕು ಬಾಲಗಳೂ ಅಷ್ಟು ಸಾಧುವಲ್ಲ. ಹುಟ್ಟಿನಿಂದ ನ್ಯೂಟ್ರೊಫಿಲ್ ಇಲ್ಲದ ಮಕ್ಕಳಲ್ಲಿ ಕೆಲವರಿಗೆ ಜಿ-ಸಿಎಸ್‌ಎಫ್ ಗ್ರಾಹಿಯ ಬಾಲ ಕಾಲಾನಂತರ ತುಂಡಾಗಿ, ಅಂಥವರಲ್ಲಿ ಲುಕೇಮಿಯಾ ಕಾಣಿಸಿಕೊಂಡದ್ದನ್ನು ರಾಟರ್‌ಡ್ಯಾಮ್‌ನ ಫಾನ್ ಡಾಂಗ್ ಮತ್ತು ಇವೊ ಟೌ 1995ರಲ್ಲಿ ವರದಿ ಮಾಡಿದರು.

ಇಡೀ ಇತಿಹಾಸದಲ್ಲಿ ನನಗೆ ಅತಿ ಪ್ರಿಯವಾದ ಎಳೆ ಇನ್ನೊಂದಿದೆ. 1974ರಲ್ಲಿ ಟೊರಾಂಟೊದ ಯಾರೊಸ್ಲಾವ್ ಪರ್ಚಲ್ ಮತ್ತು ಆರ್ಥರ್ ಆಕ್ಸೆಲ್ರಾಡ್, ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆಯವರ ಮಜ್ಜೆಯನ್ನು ತಟ್ಟೆಯಲ್ಲಿ ಬೆಳೆಸಿದರು. ಕೆಂಪು ಕಣ ವಿಪರೀತ ಹೆಚ್ಚಿ ರಕ್ತ ಮಂದವಾಗುವ ಕಾಯಿಲೆ ಅದು. ತಟ್ಟೆಗೆ ಅವರು ಎರಿತ್ರೊಪೊಯೆಟಿನ್ ಹಾಕಲಿಲ್ಲ. ಆದರೂ ಕೆಂಪು ಕಾಲೋನಿಗಳು ಬೆಳೆದವು. ಅಪ್ಪಣೆಯೇ ಬರದೆ ಕೆಲಸಕ್ಕಿಳಿದ ಕೋಶಗಳು! ಹೇಗೆ ಎಂಬುದಕ್ಕೆ 31 ವರ್ಷ ಉತ್ತರವಿರಲಿಲ್ಲ. 2005ರಲ್ಲಿ ಫ್ರಾನ್ಸಿನ ವಿಲಿಯಂ ವೆಯ್ನ್‌ಶೆಂಕೆರ್ ತಂಡವೂ ಇತರ ಮೂರು ತಂಡಗಳೂ ಅದನ್ನು ಬೆನ್ನುಬೆನ್ನಿಗೇ ಬಿಡಿಸಿದವು. ಜಾಕ್-2 ಕಿಣ್ವದ 617ನೇ ಸ್ಥಾನದಲ್ಲಿ ವ್ಯಾಲೀನ್ ಇರಬೇಕಾದಲ್ಲಿ ಫೀನೈಲ್‌ಅಲನೀನ್ ಕೂತಿತ್ತು. ಗ್ರಾಹಿಗೆ ಏನೂ ತಾಗದಿದ್ದರೂ ಒಳಗಿನ ಕಿಣ್ವ ತಾನಾಗಿ ಎಚ್ಚರವಾಗಿಯೇ ಇರುತ್ತಿತ್ತು. ಪಾಲಿಸೈಥೀಮಿಯಾ ವೆರಾ ಇರುವ ನೂರು ಜನರಲ್ಲಿ ಸುಮಾರು 95 ಜನರಿಗೆ ಈ ಒಂದೇ ದೋಷ. ಜಾಕ್ ಕಿಣ್ವವನ್ನು ತಡೆಯುವ ಮೊದಲ ಮಾತ್ರೆ ರಕ್ಸೊಲಿಟಿನಿಬ್ 2011ರಲ್ಲಿ ಇದರ ನಂಟಿನ ಇನ್ನೊಂದು ಮಜ್ಜೆರೋಗಕ್ಕೆ ಒಪ್ಪಿಗೆ ಪಡೆಯಿತು.

ಮೈಯೊಳಗೆ ಈ ಅಂಶಗಳು ನಿಜಕ್ಕೂ ಮಾಡುವುದೇನು ಎಂಬ ಜಗಳ ನಡುವೆ ಜೋರಾಗಿಯೇ ನಡೆದಿತ್ತು. ಕೋಶ ಏನಾಗಬೇಕೆಂದು ಅವು ನಿರ್ಧರಿಸುತ್ತವೆಯೋ, ಆಗಲೇ ನಿರ್ಧಾರವಾದ ಕೋಶವನ್ನು ಬದುಕಿಸಿ ಬೆಳೆಸುತ್ತವೆಯೋ? 1980ರ ದಶಕದ ಆರಂಭದಲ್ಲಿ ಮೆಟ್‌ಕಾಫ್ ಮತ್ತು ಬರ್ಗೆಸ್ ಒಂದು ಕೋಶ ಇಬ್ಭಾಗವಾದ ಕೂಡಲೇ ಎರಡು ಮಗಳುಕೋಶಗಳನ್ನೂ ಬೇರ್ಪಡಿಸಿ, ಒಂದೊಂದಕ್ಕೆ ಒಂದೊಂದು ಅಂಶ ಕೊಟ್ಟು ನೋಡಿದರು. ಎಷ್ಟೋ ಜೋಡಿಗಳಲ್ಲಿ ಒಂದು ಗ್ರಾನ್ಯುಲೊಸೈಟ್ ದಾರಿ ಹಿಡಿದರೆ ಇನ್ನೊಂದು ಮ್ಯಾಕ್ರೊಫೇಜ್ ದಾರಿ ಹಿಡಿಯಿತು. 1990ರಲ್ಲಿ ಮ್ಯಾಂಚೆಸ್ಟರಿನ ಮೈಕೆಲ್ ಡೆಕ್ಸ್‌ಟರ್ ಅವರ ಬಳಗ ಇನ್ನೊಂದು ಮುಖ ತೋರಿಸಿತು. ಅಂಶ ಸಿಗದ ಕೋಶ ಸುಮ್ಮನೆ ಕೂರುವುದಿಲ್ಲ. ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಎರಡೂ ಪಕ್ಷದಲ್ಲಿ ಸತ್ಯವಿದೆ ಎಂದು ನಾನು ತಿಳಿಯುತ್ತೇನೆ. 2009ರಲ್ಲಿ ಜರ್ಮನಿಯ ಟಿಮ್ ಶ್ರೋಡರ್ ಅವರ ತಂಡ ಒಂಟಿ ಕೋಶಗಳನ್ನು ದಿನಗಟ್ಟಲೆ ಬಿಡದೆ ಚಿತ್ರೀಕರಿಸಿ, ಜಿ-ಸಿಎಸ್‌ಎಫ್ ಮತ್ತು ಎಂ-ಸಿಎಸ್‌ಎಫ್ ದಾರಿಯನ್ನೂ ನಿರ್ಧರಿಸಬಲ್ಲವು ಎಂದು ಕಣ್ಣಾರೆ ಕಂಡಿತು.

ಒಂದೊಂದು ಜೀನನ್ನು ಕಿತ್ತುಹಾಕಿದ ಇಲಿಗಳು ಬಂದಾಗ ಅಚ್ಚರಿ ಕಾದಿತ್ತು. ಜಿ-ಸಿಎಸ್‌ಎಫ್ ಇಲ್ಲದ ಇಲಿಗೆ ನ್ಯೂಟ್ರೊಫಿಲ್ ಕಡಿಮೆ, ನಿರೀಕ್ಷಿಸಿದ್ದೇ. ಎರಿತ್ರೊಪೊಯೆಟಿನ್ ಅಥವಾ ಅದರ ಗ್ರಾಹಿ ಇಲ್ಲದ ಇಲಿಮರಿ ಗರ್ಭದಲ್ಲೇ ಸತ್ತಿತು. ಜಿಎಂ-ಸಿಎಸ್‌ಎಫ್ ಇಲ್ಲದ ಇಲಿಯ ರಕ್ತ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಶ್ವಾಸಕೋಶ. ಗಾಳಿಗೂಡುಗಳ ಒಳಗೋಡೆಗೆ ಸವರಿಕೊಂಡಿರುವ ಜಿಡ್ಡನ್ನು ಮ್ಯಾಕ್ರೊಫೇಜ್‌ಗಳು ತೆಗೆದುಹಾಕದೆ ಅದು ತುಂಬಿಕೊಂಡಿತ್ತು. 1994ರಲ್ಲಿ ಈ ಫಲಿತಾಂಶ ಹೊರಬಿದ್ದಾಗ ಶ್ವಾಸಕೋಶದ ವೈದ್ಯರಿಗೆ ಹಳೆಯದೊಂದು ಅಪರೂಪದ ಕಾಯಿಲೆಯ ನೆನಪಾಯಿತು. 1999ರಲ್ಲಿ ಜಪಾನಿನ ಸಂಶೋಧಕರು ಆ ರೋಗಿಗಳ ಮೈಯಲ್ಲಿ ತಮ್ಮದೇ ಜಿಎಂ-ಸಿಎಸ್‌ಎಫ್ ಅನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳನ್ನು ಕಂಡರು. ರಕ್ತದ ಅಂಶವೆಂದು ಮೂರು ದಶಕ ಬೆನ್ನು ಹತ್ತಿದ ಪ್ರೋಟೀನಿನ ಮುಖ್ಯ ಉದ್ಯೋಗ ಎಲ್ಲೋ ಬೇರೆ ಕಡೆ ಇತ್ತು.

ಪ್ಲೇಟ್‌ಲೆಟ್‌ಗಳ ವಿಷಯದಲ್ಲಿ ಕ್ರಮವೇ ತಿರುಗುಮುರುಗು. ಮೊದಲು ಸಿಕ್ಕಿದ್ದು ಗ್ರಾಹಿ. ಇಲಿಗಳಲ್ಲಿ ರಕ್ತಕ್ಯಾನ್ಸರ್ ತರುವ ವೈರಸ್ಸೊಂದು ಎಲ್ಲಿಂದಲೋ ಕದ್ದು ತಂದಿದ್ದ ಜೀನ್ ಅದು, ಪ್ಯಾರಿಸ್ಸಿನ ವಿಜ್ಞಾನಿಗಳು 1990ರಲ್ಲಿ ಗುರುತಿಸಿದ್ದು. ಅದಕ್ಕೆ ಬಂದು ಕೂರುವ ಥ್ರಾಂಬೊಪೊಯೆಟಿನ್ 1994ರಲ್ಲಿ ಕೈಗೆ ಬಂತು. ಔಷಧಿ ಮಾಡುವ ಮೊದಲ ಪ್ರಯತ್ನ ದುಃಖದಲ್ಲಿ ಮುಗಿಯಿತು: ಸ್ವಲ್ಪ ಬದಲಿಸಿದ ಪ್ರೋಟೀನನ್ನು ಚುಚ್ಚಿಸಿಕೊಂಡ ಆರೋಗ್ಯವಂತ ಸ್ವಯಂಸೇವಕರಲ್ಲಿ ಕೆಲವರ ಮೈ ಅದರ ವಿರುದ್ಧ ಪ್ರತಿಕಾಯ ಬೆಳೆಸಿತು, ಆ ಪ್ರತಿಕಾಯ ಅವರ ಸ್ವಂತ ಥ್ರಾಂಬೊಪೊಯೆಟಿನ್ನನ್ನೂ ಹೊಡೆದು ಪ್ಲೇಟ್‌ಲೆಟ್ ಪಾತಾಳಕ್ಕಿಳಿಯಿತು. ಪ್ರಯೋಗ ನಿಂತಿತು. 2008ರಲ್ಲಿ ಬಂದ ಹೊಸ ಔಷಧಿಗಳು ಅದೇ ಗ್ರಾಹಿಯನ್ನು ಎಬ್ಬಿಸುತ್ತವೆ, ಆದರೆ ರಚನೆಯಲ್ಲಿ ಮೂಲ ಹಾರ್ಮೋನನ್ನು ಹೋಲುವುದೇ ಇಲ್ಲ.

ಜಿ-ಸಿಎಸ್‌ಎಫ್ ಅನ್ನು ಮನುಷ್ಯರ ಮೇಲೆ ಪರೀಕ್ಷಿಸಿದ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ಮೆಲ್ಬರ್ನ್‌ನಲ್ಲೇ, 1980ರ ದಶಕದ ಕೊನೆಯಲ್ಲಿ. ಕಿಮೋ ಆದ ಮೇಲೆ ಬಿದ್ದುಹೋದ ಬಿಳಿ ಕಣಗಳು ಬೇಗ ಮೇಲೆದ್ದವು. ಅದರ ಜೊತೆಗೆ ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿಯನ್ನು ಉಲ್ರಿಕ್ ಡ್ಯುಹ್ರ್‌ಸೆನ್ ಮತ್ತು ಮೆಟ್‌ಕಾಫ್ ಬಳಗ 1988ರಲ್ಲಿ ತಟ್ಟೆಯಲ್ಲಿ ಕಂಡಿತು. ಮಜ್ಜೆಯಲ್ಲೇ ಇರಬೇಕಾದ ಕಾಲೋನಿ ಹುಟ್ಟಿಸುವ ಎಳೆಯ ಕೋಶಗಳು ಮೈಯಲ್ಲಿ ಹರಿಯುವ ರಕ್ತದಲ್ಲಿ ನೂರು ಪಟ್ಟಿನವರೆಗೆ ಹೆಚ್ಚಿದ್ದವು. ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ಹೀರುವ ಬದಲು ತೋಳಿನ ರಕ್ತನಾಳದಿಂದಲೇ ಕಾಂಡಕೋಶ ಸಂಗ್ರಹಿಸುವ ಪದ್ಧತಿ ಅಲ್ಲಿಂದ ಹುಟ್ಟಿತು. ಈ ನಡುವೆ 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ, ಗುಜರಿಗೆ ಬಿದ್ದ ಸೀಸಿಯಂನಿಂದ ವಿಕಿರಣ ತಾಗಿದ ಎಂಟು ಜನರಿಗೆ ಜಿಎಂ-ಸಿಎಸ್‌ಎಫ್ ಕೊಟ್ಟು ನೋಡಲಾಯಿತು. ಆ ದುರಂತದಲ್ಲಿ ನಾಲ್ವರು ಉಳಿಯಲಿಲ್ಲ. ಜಿ-ಸಿಎಸ್‌ಎಫ್ 1991ರಲ್ಲಿ ಫಿಲ್‌ಗ್ರಾಸ್ಟಿಮ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ರಕ್ತದಲ್ಲಿ ಹೆಚ್ಚು ದಿನ ನಿಲ್ಲುವ ಅದರ ಪೆಗ್‌ಫಿಲ್‌ಗ್ರಾಸ್ಟಿಮ್ ರೂಪ ಬಂದದ್ದು 2002ರಲ್ಲಿ. ಈ ಪೆಗ್‌ಫಿಲ್‌ಗ್ರಾಸ್ಟಿಮ್‌ಗೆ ಸಮಾನವಾದ ಬಯೋಸಿಮಿಲರ್ ಔಷಧಿಗೆ ಅಮೆರಿಕ ಮೊದಲ ಬಾರಿ ಒಪ್ಪಿಗೆ ಕೊಟ್ಟದ್ದು 2018ರ ಜೂನ್‌ನಲ್ಲಿ. ಅದು ಬೆಂಗಳೂರಿನ ಬಯೋಕಾನ್, ಮೈಲಾನ್ ಕಂಪನಿಯ ಜೊತೆ ಸೇರಿ ರೂಪಿಸಿದ ಔಷಧಿ. ಇವತ್ತು ನಮ್ಮ ಊರುಗಳ ಕ್ಯಾನ್ಸರ್ ವಾರ್ಡುಗಳಲ್ಲಿ ‘ಕೌಂಟ್ ಬಿದ್ದಿದೆ, ಇಂಜೆಕ್ಷನ್ ಹಾಕಬೇಕು’ ಎಂದು ನರ್ಸಮ್ಮ ಹೇಳಿದರೆ ಬಹುತೇಕ ಆ ಇಂಜೆಕ್ಷನ್ ಜಿ-ಸಿಎಸ್‌ಎಫ್. ಹಾಕಿಸಿಕೊಂಡವರಿಗೆ ಒಂದೆರಡು ದಿನ ಸೊಂಟ, ಎದೆಮೂಳೆ ನೋಯುತ್ತದೆ; ಮೂಳೆಯೊಳಗೆ ಮಜ್ಜೆ ಉಬ್ಬುವ ನೋವು ಅದು.

ಕಾಂಡಕೋಶ ದಾನ ಮಾಡುವ ಆರೋಗ್ಯವಂತರಿಗೂ ನಾಲ್ಕೈದು ದಿನ ಇದನ್ನೇ ಕೊಡುತ್ತಾರೆ. ಬಳಿಕ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಕಾಂಡಕೋಶಗಳಿರುವ ಪದರವನ್ನಷ್ಟೇ ತೆಗೆದು, ಉಳಿದದ್ದನ್ನು ಮೈಗೆ ಮರಳಿಸುತ್ತಾರೆ. ಸಿಕ್ಕಿದ್ದು ಸಾಕೇ ಎಂದು ನೋಡುವುದು ಸಿಡಿ34 ಎಂಬ ಗುರುತು ಹೊತ್ತ ಕೋಶಗಳ ಲೆಕ್ಕದಿಂದ. ಪಡೆಯುವವರ ಮೈತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ. ಲೇಸರ್ ಬೆಳಕಿನ ಯಂತ್ರ ಈ ಲೆಕ್ಕವನ್ನು ಅದೇ ದಿನ ಕೊಡುತ್ತದೆ. ಹೊಕ್ಕುಳಬಳ್ಳಿಯ ರಕ್ತವನ್ನು ಅತಿ ಶೀತದಲ್ಲಿ ಕಾಪಿಡುವ ಬ್ಯಾಂಕುಗಳು ಮಾತ್ರ ಇದಿಷ್ಟಕ್ಕೇ ನೆಚ್ಚಿಕೊಳ್ಳುವುದಿಲ್ಲ. ಗುರುತು ಹೊತ್ತ ಕೋಶ ಸತ್ತಿರಲೂಬಹುದು, ಬೆಳೆಯಲಾರದ್ದೂ ಆಗಿರಬಹುದು. ಅದಕ್ಕಾಗಿ ಒಂದು ಚೂರನ್ನು ಬೆಳವಣಿಗೆ ಅಂಶಗಳ ಜೊತೆ ತಟ್ಟೆಗೆ ಹಾಕಿ, ಎರಡು ವಾರ ಕಾದು, ಎಷ್ಟು ಕಾಲೋನಿ ಎದ್ದವು ಎಂದು ಎಣಿಸುತ್ತಾರೆ.